ಅಗ್ಗದ, ಚೆಂದದ ಹೋಟೆಲ್‌ನಲ್ಲಿ ಒಳ್ಳೆಯ ನಿದ್ದೆ ಬರುತ್ತದೆಯೇ?

ಕನ್ನಡದಲ್ಲಿ ಹೋಟೆಲ್ ಎಂದರೆ ಮೊದಲು ನೆನಪಾಗುವುದು ಇಡ್ಲಿ, ವಡೆ, ಫಿಲ್ಟರ್ ಕಾಫಿ. ರಾತ್ರಿ ತಂಗುವ ಜಾಗಕ್ಕೆ ನಮ್ಮ ಮಾತಿನಲ್ಲಿರುವ ಪದ ಲಾಡ್ಜ್. ಔಷಧ ಕಂಪನಿಯ ಪ್ರತಿನಿಧಿ, ಬಿತ್ತನೆ ಬೀಜದ ವ್ಯಾಪಾರಿ, ಲೆಕ್ಕ ತಪಾಸಣೆಗೆ ಬಂದವರು, ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಂದ ಕಕ್ಷಿದಾರರು ಬಸ್ ಸ್ಟ್ಯಾಂಡ್ ಹತ್ತಿರದ ಇಂಥ ಲಾಡ್ಜ್‌ಗಳಲ್ಲೇ ರಾತ್ರಿ ಕಳೆದು ಬೆಳಗ್ಗೆ ಕೆಲಸಕ್ಕೆ ಹೋಗುತ್ತಿದ್ದರು. ಈಚಿನ ವರ್ಷಗಳಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಬಾಡಿಗೆಗೆ ಬೇರೆ ಬಗೆಯ ಕೋಣೆಗಳು ಸಿಗುತ್ತಿವೆ. ಬಿಳಿ ಹಾಸಿಗೆ, ಗೋಡೆಗೆ ಒಂದು ಗಾಢ ಬಣ್ಣ, ತಲೆಯ ಬಳಿ ಪುಟ್ಟ ದೀಪ, ಮಡಚುವ ಮೇಜು, ಫೋಟೋದಲ್ಲಿ ನೋಡಿದರೆ ದುಬಾರಿ ಹೋಟೆಲಿನಂತೆಯೇ ಕಾಣುವ ಕೋಣೆ.

ಇದನ್ನು ಕಂಡಾಗ ಎರಡು ಅನುಮಾನ ಬರುವುದು ಸಹಜ. ಇಷ್ಟು ಕಡಿಮೆಗೆ ಕೊಡುತ್ತಿದ್ದಾರೆ ಎಂದರೆ ಎಲ್ಲೋ ಕತ್ತರಿ ಹಾಕಿರಲೇಬೇಕಲ್ಲ, ಅದು ಎಲ್ಲಿ? ಇನ್ನೊಂದು, ಸ್ವಲ್ಪ ಹೆಚ್ಚು ಕೊಟ್ಟು ಹೆಚ್ಚು ನಕ್ಷತ್ರದ ಹೋಟೆಲಿಗೆ ಹೋದರೆ ನಿದ್ದೆ ಚೆನ್ನಾಗಿ ಬರುತ್ತದೆಯೇ?

ಕೆಲಸಕ್ಕಾಗಿ ಪ್ರಯಾಣ ಮಾಡುವವರಿಗೆ ಇದು ಕೇವಲ ಸೌಕರ್ಯದ ಪ್ರಶ್ನೆಯಲ್ಲ. ಮರುದಿನ ಮಾತುಕತೆಯಲ್ಲಿ ಕುಳಿತುಕೊಳ್ಳಬೇಕು, ಪರೀಕ್ಷೆ ಬರೆಸಬೇಕು, ಯಂತ್ರ ರಿಪೇರಿ ಮಾಡಬೇಕು, ಇಲ್ಲವೇ ಇನ್ನೂರು ಕಿಲೋಮೀಟರ್ ಗಾಡಿ ಓಡಿಸಬೇಕು. ಬಾಡಿಗೆಗೆ ಕಂಪನಿ ಕೊಡುವ ಭತ್ಯೆಗೆ ಮಿತಿ ಇರುತ್ತದೆ. ಆ ಹಣದಲ್ಲಿ ಅವರಿಗೆ ನಿಜವಾಗಿ ಬೇಕಿರುವುದು ಏಳೆಂಟು ಗಂಟೆಗಳ ಗಟ್ಟಿ ನಿದ್ದೆ, ಮತ್ತು ಸುರಕ್ಷಿತವಾಗಿ ಬೆಳಗ್ಗೆ ಹೊರಬರುವುದು. ಆದ್ದರಿಂದ ಹಣ ಎಲ್ಲಿ ಉಳಿಯುತ್ತದೆ, ನಿದ್ದೆ ಯಾವುದರಿಂದ ಕೆಡುತ್ತದೆ ಎಂಬೆರಡನ್ನೂ ಒಟ್ಟಿಗೆ ನೋಡೋಣ.

ಬಾಡಿಗೆ ಕಡಿಮೆಯಾಗುವುದು ಹೇಗೆ?

ಹೋಟೆಲಿನ ಖರ್ಚಿನಲ್ಲಿ ದೊಡ್ಡ ಪಾಲು ಜಾಗದ್ದು ಮತ್ತು ಸಿಬ್ಬಂದಿಯದು. ಒಂದು ಸರಳ ಲೆಕ್ಕ ಹಾಕೋಣ. ಒಂದು ಮಹಡಿಯಲ್ಲಿ ಕೋಣೆಗಳಿಗೆಂದು 480 ಚದರ ಮೀಟರ್ ಜಾಗವಿದೆ ಎಂದುಕೊಳ್ಳಿ. ಪ್ರತಿ ಕೋಣೆ 24 ಚದರ ಮೀಟರ್ ಆದರೆ 20 ಕೋಣೆಗಳಾಗುತ್ತವೆ. ಅದನ್ನೇ 16 ಚದರ ಮೀಟರಿಗೆ ಇಳಿಸಿದರೆ 30 ಕೋಣೆಗಳಾಗುತ್ತವೆ. ಜಾಗ ಅದೇ, ಲಿಫ್ಟ್ ಅದೇ, ಸ್ವಾಗತ ಕೌಂಟರ್ ಅದೇ. ಆದರೆ ಆ ಖರ್ಚನ್ನು ಈಗ 20 ಜನರ ಬದಲು 30 ಜನ ಹಂಚಿಕೊಳ್ಳುತ್ತಾರೆ. ಇದಕ್ಕೆ ಜೊತೆಯಾಗಿ ಮದುವೆ ಹಾಲ್, ಈಜುಕೊಳ, ಎರಡು ಮೂರು ರೆಸ್ಟೋರೆಂಟ್, 24 ಗಂಟೆ ಕೋಣೆಗೇ ಊಟ ತರುವ ವ್ಯವಸ್ಥೆ ಇವನ್ನೆಲ್ಲ ಕೈಬಿಟ್ಟರೆ ಜಾಗವೂ ಉಳಿಯಿತು, ಸಂಬಳವೂ ಉಳಿಯಿತು.

ಈ ಯೋಚನೆ ಹೊಸದಲ್ಲ. ಜಾಗ ಉಳಿಸುವುದನ್ನು ಕೊನೆಯ ಹಂತಕ್ಕೆ ಒಯ್ದವರು ಜಪಾನಿನವರು. ವಾಸ್ತುಶಿಲ್ಪಿ ಕಿಶೋ ಕುರೊಕಾವಾ ವಿನ್ಯಾಸ ಮಾಡಿದ 'ಕ್ಯಾಪ್ಸೂಲ್ ಇನ್ ಒಸಾಕಾ' 1979ರಲ್ಲಿ ಶುರುವಾಯಿತು. ಅಲ್ಲಿ ಕೋಣೆಯೇ ಇಲ್ಲ, ಒಬ್ಬರು ಮಲಗುವಷ್ಟು ದೊಡ್ಡ ಪೆಟ್ಟಿಗೆ. ಕೆಲಸ ಮುಗಿದು ಕೊನೆಯ ರೈಲು ತಪ್ಪಿಸಿಕೊಂಡವರಿಗೆ ರಾತ್ರಿ ಕಳೆಯಲು ಅಷ್ಟೇ ಸಾಕಾಗಿತ್ತು.

1985ರಲ್ಲಿ ಫ್ರಾನ್ಸಿನ ಆಕೋರ್ ಸಂಸ್ಥೆ 'ಫಾರ್ಮ್ಯೂಲ್ 1' ಎಂಬ ಹೋಟೆಲ್ ಸರಣಿ ಆರಂಭಿಸಿತು. ಹೋಟೆಲ್ ಉದ್ಯಮ ಓದುವವರು ಇವತ್ತಿಗೂ ಇದರ ಉದಾಹರಣೆ ಕೊಡುತ್ತಾರೆ. ಮ್ಯಾನೇಜ್‌ಮೆಂಟ್ ಸಂಶೋಧಕರಾದ ಚಾನ್ ಕಿಮ್ ಮತ್ತು ರೆನೆ ಮೊಬೊರ್ನ್ 1997ರ ಒಂದು ಲೇಖನದಲ್ಲಿ ಇದನ್ನು ವಿವರಿಸಿದ್ದರು. ಕಡಿಮೆ ಬಜೆಟ್ಟಿನ ಪ್ರಯಾಣಿಕ ಹೋಟೆಲಿಗೆ ಬರುವುದು ರಾತ್ರಿ ಮಲಗುವುದಕ್ಕೆ ಎಂಬ ಒಂದೇ ಸಂಗತಿಯಿಂದ ಸಂಸ್ಥೆ ಶುರುಮಾಡಿತು. ರೆಸ್ಟೋರೆಂಟ್ ತೆಗೆಯಿತು, ಆಕರ್ಷಕ ಲಾಂಜ್ ತೆಗೆಯಿತು, ಕೋಣೆಯ ಗಾತ್ರ ಇಳಿಸಿತು, ಸ್ನಾನಗೃಹವನ್ನೂ ಹಂಚಿಕೊಳ್ಳುವಂತೆ ಮಾಡಿತು. ಆದರೆ ಹಾಸಿಗೆಯ ಗುಣಮಟ್ಟ, ಶುಚಿತ್ವ, ನಿಶ್ಶಬ್ದ ಈ ಮೂರರಲ್ಲಿ ತನ್ನದೇ ಬೆಲೆಯ ಇತರ ಹೋಟೆಲ್‌ಗಳಿಗಿಂತ ಮೇಲೆ ಹೋಯಿತು.

ಇಲ್ಲಿ ಗಮನಿಸಬೇಕಾದ್ದು ಕಡಿತದ ಆಯ್ಕೆ. ಎಲ್ಲವನ್ನೂ ಸಮಸಮವಾಗಿ ಕಡಿಮೆ ಮಾಡಿದರೆ ಸಿಗುವುದು ಕಳಪೆ ಹೋಟೆಲ್. ಅತಿಥಿ ಬಳಸದೇ ಇರುವುದನ್ನು ಪೂರ್ತಿ ತೆಗೆದು, ಬಳಸುವುದನ್ನು ಚೆನ್ನಾಗಿ ಇಟ್ಟರೆ ಸಿಗುವುದು ಒಳ್ಳೆಯ ಅಗ್ಗದ ಹೋಟೆಲ್.

ಭಾರತದಲ್ಲಿ ಈ ಪ್ರಯೋಗ ದೊಡ್ಡ ಮಟ್ಟದಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ತಾಜ್ ಹೋಟೆಲ್‌ಗಳನ್ನು ನಡೆಸುವ ಟಾಟಾ ಸಮೂಹದ ಇಂಡಿಯನ್ ಹೋಟೆಲ್ಸ್ ಕಂಪನಿ, 2004ರಲ್ಲಿ ವೈಟ್‌ಫೀಲ್ಡ್‌ನಲ್ಲಿ 'ಇಂಡಿಒನ್' ಎಂಬ ಹೋಟೆಲ್ ತೆರೆಯಿತು. ಮ್ಯಾನೇಜ್‌ಮೆಂಟ್ ಚಿಂತಕ ಸಿ.ಕೆ. ಪ್ರಹ್ಲಾದ್ ಈ ಕಲ್ಪನೆ ರೂಪಿಸುವುದರಲ್ಲಿ ಕೈಜೋಡಿಸಿದ್ದರು. ಐಟಿ ಕಂಪನಿಗಳ ಕೆಲಸಕ್ಕೆ ಬರುವವರಿಗೆ ಲಾಡ್ಜ್ ಮತ್ತು ಪಂಚತಾರಾ ಹೋಟೆಲ್ ನಡುವೆ ನಂಬಿಕೆಗೆ ಅರ್ಹವಾದ ಆಯ್ಕೆ ಇರಲಿಲ್ಲ. ಆ ಖಾಲಿ ಜಾಗವನ್ನು ಇದು ತುಂಬಲು ಹೊರಟಿತು. ಅತಿಥಿ ತನ್ನ ಹೆಚ್ಚಿನ ಕೆಲಸ ತಾನೇ ಮಾಡಿಕೊಳ್ಳಬೇಕು, ಕೋಣೆಯಲ್ಲಿ ಚಹಾ ಮಾಡಿಕೊಳ್ಳಲು ಬೇಕಾದ್ದು ಇರುತ್ತದೆ ಎಂಬಂಥ ಸರಳ ವ್ಯವಸ್ಥೆ. ಮುಂದೆ ಇದೇ ಸರಣಿ 'ಜಿಂಜರ್' ಎಂಬ ಹೆಸರಿನಲ್ಲಿ ದೇಶದ ಹಲವು ನಗರಗಳಿಗೆ ಹರಡಿತು.

ಚೆಂದಕ್ಕೆ ಅಷ್ಟೊಂದು ಖರ್ಚು ಏಕೆ ಆಗುವುದಿಲ್ಲ?

ಅಗ್ಗವಾಗಿದ್ದೂ ಚೆಂದ ಕಾಣುವುದರ ಗುಟ್ಟು ಪುನರಾವರ್ತನೆ. ಒಬ್ಬ ಒಳ್ಳೆಯ ವಿನ್ಯಾಸಕಾರ ಒಂದು ಕೋಣೆಯನ್ನು ಒಮ್ಮೆ ರೂಪಿಸಿದರೆ ಅದನ್ನೇ 200 ಸಲ ಕಟ್ಟಬಹುದು. ವಿನ್ಯಾಸದ ಶುಲ್ಕ 200 ಕೋಣೆಗಳಿಗೆ ಹಂಚಿಹೋಗುತ್ತದೆ. ಒಂದೇ ಅಳತೆಯ ಮಂಚ, ಒಂದೇ ಬಗೆಯ ದೀಪ, ಒಂದೇ ನಲ್ಲಿಯನ್ನು ಸಗಟಾಗಿ ಕೊಂಡರೆ ಬೆಲೆ ಇಳಿಯುತ್ತದೆ, ರಿಪೇರಿಯೂ ಸುಲಭ.

2008ರಲ್ಲಿ ಆಮ್‌ಸ್ಟರ್‌ಡಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದ ಬಳಿ ಶುರುವಾದ 'ಸಿಟಿಜನ್‌ಎಂ' ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಇದನ್ನು ಸ್ಥಾಪಿಸಿದವರು ಭಾರತದಲ್ಲಿ ಹುಟ್ಟಿದ ಉದ್ಯಮಿ ರತ್ತನ್ ಚಡ್ಢಾ. ಸುಮಾರು 14 ಚದರ ಮೀಟರಿನ, ಅಂದರೆ 150 ಚದರ ಅಡಿಯ ಕೋಣೆಗಳು ಕಾರ್ಖಾನೆಯಲ್ಲೇ ತಯಾರಾಗಿ ಬಂದು ಒಂದರ ಮೇಲೊಂದು ಜೋಡಣೆಯಾಗುತ್ತವೆ. ಕಿಟಕಿಯ ಪಕ್ಕಕ್ಕೆ ಗೋಡೆಯಿಂದ ಗೋಡೆಗೆ ಮಂಚ. ಕೂತು ಮಾತಾಡಲು, ಲ್ಯಾಪ್‌ಟಾಪ್ ಬಿಚ್ಚಲು ಕೆಳಗೆ ಎಲ್ಲರಿಗೂ ಸೇರಿದ ದೊಡ್ಡ ಹಾಲ್. ಕೋಣೆಯಿಂದ ತೆಗೆದ ಜಾಗವನ್ನು ಎಲ್ಲರೂ ಬಳಸುವ ಕಡೆ ಹಾಕಿದಂತಾಯಿತು.

ಚಿಕ್ಕ ಕೋಣೆಯಲ್ಲಿ ಕಾಣುವ ಎಷ್ಟೋ 'ಸ್ಟೈಲ್' ನಿಜಕ್ಕೂ ಉಳಿತಾಯದ ಉಪಾಯ. ಬೀರುವಿನ ಬದಲು ಗೋಡೆಗೆ ಗೂಟಗಳು, ನೆಲಕ್ಕೆ ತಾಗದ ಮೇಜು, ಪೆಟ್ಟಿಗೆಯಂತೆ ಮುಚ್ಚಿದ ಮಂಚ ಇವೆಲ್ಲ ಗುಡಿಸುವವರ ಸಮಯ ಉಳಿಸುತ್ತವೆ. ಬಿಳಿ ಹಾಸಿಗೆಯೂ ಹಾಗೆಯೇ. ಬಣ್ಣ ಹೋಗುವ ಭಯವಿಲ್ಲದೆ ಎಲ್ಲ ಬಟ್ಟೆಯನ್ನೂ ಒಟ್ಟಿಗೆ ಬಿಸಿನೀರಿನಲ್ಲಿ, ಬ್ಲೀಚ್ ಹಾಕಿ ಒಗೆಯಬಹುದು, ಕಲೆ ಇದ್ದರೆ ತಕ್ಷಣ ಕಾಣುತ್ತದೆ.

ಆದರೆ ಇಲ್ಲೇ ಒಂದು ಎಚ್ಚರಿಕೆಯೂ ಇದೆ. ಗೋಡೆಯ ಬಣ್ಣ, ದೀಪ, ಹಾಸಿಗೆಯ ಹೊದಿಕೆಯನ್ನು ಒಂದು ವಾರದಲ್ಲಿ ಬದಲಿಸಬಹುದು. ಗೋಡೆಯ ದಪ್ಪ, ಬಾಗಿಲಿನ ಭಾರ, ಕಿಟಕಿ ಇರುವ ದಿಕ್ಕು, ಮೆಟ್ಟಿಲಿನ ಸಂಖ್ಯೆ ಇವನ್ನು ಬದಲಿಸಲು ಆಗುವುದಿಲ್ಲ. ಹಳೆಯ ಲಾಡ್ಜಿಗೆ ಹೊಸ ಬೋರ್ಡು, ಹೊಸ ಬಣ್ಣ ಬಂದಾಗ ಫೋಟೋ ಬದಲಾಗುತ್ತದೆ, ಕಟ್ಟಡ ಬದಲಾಗುವುದಿಲ್ಲ. ನಿಮ್ಮ ನಿದ್ದೆಯನ್ನು ನಿರ್ಧರಿಸುವುದು ಹೆಚ್ಚಾಗಿ ಈ ಎರಡನೆಯ ಪಟ್ಟಿಯಲ್ಲಿರುವ ವಸ್ತುಗಳು.

ನಕ್ಷತ್ರ ಹೆಚ್ಚಿದ್ದರೆ ನಿದ್ದೆ ಹೆಚ್ಚೇ?

ನಕ್ಷತ್ರಗಳು ನಿದ್ದೆಯನ್ನು ಅಳೆಯುವುದೇ ಇಲ್ಲ. ಭಾರತದಲ್ಲಿ ಹೋಟೆಲ್‌ಗಳಿಗೆ ಅಧಿಕೃತವಾಗಿ ನಕ್ಷತ್ರ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಸಮಿತಿ. ಇದು ಕಡ್ಡಾಯವಲ್ಲ, ಹೋಟೆಲ್‌ನವರು ಬೇಕಿದ್ದರೆ ಅರ್ಜಿ ಹಾಕಬಹುದು. ಸಮಿತಿಯ ಪಟ್ಟಿಯಲ್ಲಿ ಕೋಣೆಯ ಕನಿಷ್ಠ ಅಳತೆ, ಸ್ನಾನಗೃಹ, ಲಾಬಿ, ಊಟದ ವ್ಯವಸ್ಥೆ, ಸಿಬ್ಬಂದಿಯ ತರಬೇತಿ, ಸುರಕ್ಷತೆ ಮುಂತಾದ ಹತ್ತಾರು ಅಂಶಗಳಿರುತ್ತವೆ. ಅಂದರೆ ನಕ್ಷತ್ರವು ಬಹುಮಟ್ಟಿಗೆ ಸೌಲಭ್ಯಗಳ ಪಟ್ಟಿ. ಈಜುಕೊಳವಿಲ್ಲದ, ಒಂದೇ ರೆಸ್ಟೋರೆಂಟ್ ಇರುವ ಹೋಟೆಲ್ ಎಷ್ಟೇ ನಿಶ್ಶಬ್ದವಾಗಿದ್ದರೂ ಮೇಲಿನ ನಕ್ಷತ್ರ ಸಿಗುವುದು ಕಷ್ಟ.

ಬುಕಿಂಗ್ ಆ್ಯಪ್‌ಗಳಲ್ಲಿ ಕಾಣುವ ನಕ್ಷತ್ರಗಳು ಯಾವಾಗಲೂ ಈ ಅಧಿಕೃತ ನಕ್ಷತ್ರಗಳೇ ಆಗಿರಬೇಕಿಲ್ಲ. ಜಗತ್ತಿಗೆಲ್ಲ ಅನ್ವಯವಾಗುವ ಒಂದೇ ಅಳತೆಗೋಲೂ ಇಲ್ಲ. ದುಬೈನ ಬುರ್ಜ್ ಅಲ್ ಅರಬ್ ಅನ್ನು 'ಏಳು ನಕ್ಷತ್ರದ ಹೋಟೆಲ್' ಎನ್ನುವುದನ್ನು ನೀವು ಕೇಳಿರಬಹುದು. ಅದು ಪತ್ರಿಕಾ ಬರಹದಿಂದ ಹುಟ್ಟಿ ಪ್ರಚಾರಕ್ಕೆ ಬಂದ ಮಾತು, ಯಾವ ಸರ್ಕಾರವೂ ಕೊಟ್ಟ ದರ್ಜೆಯಲ್ಲ.

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬಾರದಿರುವುದು ಏಕೆ?

ಎಷ್ಟೇ ಒಳ್ಳೆಯ ಹೋಟೆಲ್ ಆದರೂ ಮೊದಲ ರಾತ್ರಿ ನಿದ್ದೆ ಅಷ್ಟಕ್ಕಷ್ಟೆ ಎಂಬುದು ಹಲವರ ಅನುಭವ. 'ನನ್ನ ಹಾಸಿಗೆಯಲ್ಲದೆ ನಿದ್ದೆ ಬರುವುದಿಲ್ಲ' ಎಂದು ಹಿರಿಯರು ಹೇಳುವುದು ಸುಮ್ಮನೆ ಹಟಕ್ಕಲ್ಲ. ನಿದ್ರಾ ಸಂಶೋಧಕರು 1960ರ ದಶಕದಿಂದಲೇ ಇದನ್ನು 'ಮೊದಲ ರಾತ್ರಿಯ ಪರಿಣಾಮ' ಎಂದು ಗುರುತಿಸಿದ್ದಾರೆ. ಪ್ರಯೋಗಾಲಯದಲ್ಲಿ ಮಲಗಿಸಿ ಅಳೆಯುವಾಗ ಮೊದಲ ರಾತ್ರಿಯ ಅಂಕಿಅಂಶಗಳನ್ನು ಎಷ್ಟೋ ಸಲ ಪಕ್ಕಕ್ಕಿಡುತ್ತಾರೆ.

2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಮಸಾಕೊ ತಮಾಕಿ, ಯೂಕಾ ಸಸಾಕಿ ಮತ್ತು ಸಹೋದ್ಯೋಗಿಗಳು ಇದಕ್ಕೆ ಕಾರಣ ಹುಡುಕಿದರು. 35 ಜನ ಆರೋಗ್ಯವಂತರ ಮೇಲೆ ನಡೆದ ಈ ಅಧ್ಯಯನದಲ್ಲಿ ಮೊದಲ ರಾತ್ರಿ ಆಳವಾದ ನಿದ್ದೆಯ ಹೊತ್ತಿನಲ್ಲಿ ಮೆದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಆಳಕ್ಕೆ ಇಳಿಯದೆ ಇರುವುದು ಕಂಡಿತು. ಎಡ ಮೆದುಳಿಗೆ ಹೆಚ್ಚಾಗಿ ಸುದ್ದಿ ಮುಟ್ಟಿಸುವುದು ಬಲಗಿವಿ. ಬಲಗಿವಿಯಲ್ಲಿ ಅಪರಿಚಿತ ಸದ್ದು ಕೇಳಿಸಿದಾಗ ಜನ ಬೇಗ ಎಚ್ಚರವಾಗುತ್ತಿದ್ದರು. ಕೆಲವು ದಿನಗಳ ನಂತರ ಅದೇ ಜಾಗದಲ್ಲಿ ಮತ್ತೆ ಮಲಗಿಸಿದಾಗ ಎರಡೂ ಭಾಗಗಳ ನಡುವಿನ ಈ ವ್ಯತ್ಯಾಸ ಮಾಯವಾಗಿತ್ತು.

ಡಾಲ್ಫಿನ್‌ಗಳು ಮತ್ತು ಕೆಲವು ಹಕ್ಕಿಗಳು ಅರ್ಧ ಮೆದುಳಿನಲ್ಲಿ ನಿದ್ದೆ ಮಾಡಿ ಇನ್ನರ್ಧದಲ್ಲಿ ಕಾವಲು ಕಾಯುತ್ತವೆ. ಮನುಷ್ಯರಲ್ಲಿ ಅಷ್ಟು ಸ್ಪಷ್ಟ ವಿಭಜನೆ ಇಲ್ಲ. ಆದರೂ ಹೊಸ ಜಾಗದಲ್ಲಿ ನಮ್ಮ ಮೆದುಳೂ ಅರೆ ಕಾವಲು ಕಾಯುತ್ತದೆ ಎಂಬ ಸೂಚನೆ ಇದರಲ್ಲಿದೆ. ಇದಕ್ಕೂ ಕೋಣೆಯ ಬಾಡಿಗೆಗೂ ಸಂಬಂಧವಿಲ್ಲ. ಮೆದುಳು ಕೇಳುವುದು ಒಂದೇ ಪ್ರಶ್ನೆ: ಈ ಜಾಗ ನನಗೆ ಗೊತ್ತೇ?

ಇದರಿಂದ ಕೆಲಸದ ಪ್ರಯಾಣಿಕರಿಗೆ ಒಂದು ಉಪಯುಕ್ತ ಯೋಚನೆ ಹೊಳೆಯುತ್ತದೆ. ತಿಂಗಳಿಗೆರಡು ಸಲ ಒಂದೇ ಊರಿಗೆ ಹೋಗುವವರು ಪ್ರತಿಸಲ ಹೊಸ ಹೋಟೆಲ್ ಹುಡುಕುವುದಕ್ಕಿಂತ, ಸರಿಹೋದ ಒಂದನ್ನೇ ಹಿಡಿದುಕೊಳ್ಳುವುದು ಮೇಲು. ಸಾಧ್ಯವಾದರೆ ಅದೇ ಕೋಣೆ ಕೇಳಬಹುದು. ಮನೆಯ ದಿಂಬಿನ ಕವರ್ ಅಥವಾ ಹೊದಿಕೆ ಒಯ್ಯುವುದಕ್ಕೂ ಖರ್ಚೇನಿಲ್ಲ. ಮುಖ್ಯ ಸಭೆ ಇದ್ದರೆ ಹಿಂದಿನ ರಾತ್ರಿ ತಡವಾಗಿ ತಲುಪುವ ಬದಲು ಸಂಜೆಯೇ ತಲುಪಿ ಜಾಗಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಕೊಡಿ.

ನಿದ್ದೆಯ ದೊಡ್ಡ ಶತ್ರು ಸದ್ದು

ಮೆದುಳು ಕಾವಲಿನಲ್ಲಿರುವ ರಾತ್ರಿಯೇ ಸದ್ದು ಹೆಚ್ಚು ಕಾಡುತ್ತದೆ. ಮಲಗುವ ಕೋಣೆಯ ಒಳಗೆ ಸರಾಸರಿ ಸದ್ದು 30 ಡೆಸಿಬಲ್ ಮೀರಬಾರದು, ಒಮ್ಮೆಲೇ ಕೇಳುವ ಸದ್ದು 45 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. 30 ಡೆಸಿಬಲ್ ಅಂದರೆ ಪಿಸುಮಾತಿನಷ್ಟು.

ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ರಾತ್ರಿಯ ಮಿತಿ 55 ಡೆಸಿಬಲ್, ವಸತಿ ಪ್ರದೇಶದಲ್ಲಿ 45. ಬಸ್ ಸ್ಟ್ಯಾಂಡ್ ಎದುರಿನ ರಸ್ತೆಯಲ್ಲಿ ಸದ್ದು ಈ ಮಿತಿಯೊಳಗೇ ಇದೆ ಎಂದುಕೊಂಡರೂ, ಕೋಣೆಯೊಳಗೆ 30 ಆಗಬೇಕಾದರೆ ಗೋಡೆ ಮತ್ತು ಕಿಟಕಿ ಸೇರಿ 25 ಡೆಸಿಬಲ್ ತಡೆಯಬೇಕು. ಸ್ವಲ್ಪ ತೆರೆದಿಟ್ಟ ಕಿಟಕಿ ಸುಮಾರು 15 ಮಾತ್ರ ತಡೆಯುತ್ತದೆ. ಹಿಂಭಾಗದ ಕೋಣೆ ಕೇಳಿದರೆ ಕಟ್ಟಡವೇ ಅಡ್ಡಗೋಡೆಯಾಗಿ ಉಳಿದ ಕೆಲಸ ಮಾಡುತ್ತದೆ. ಅದಕ್ಕೆ ಹೆಚ್ಚಿನ ಬಾಡಿಗೆಯೂ ಬೇಕಿಲ್ಲ.

ಇನ್ನು ಒಳಗಿನ ಸದ್ದು. ಪಕ್ಕದ ಕೋಣೆಯ ಟಿವಿ, ಕಾರಿಡಾರಿನ ಮಾತು, ಲಿಫ್ಟಿನ ಬಾಗಿಲು. ಇಲ್ಲಿ ಬಾಗಿಲಿನ ಕೆಳಗಿನ ಸಂದು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡಿ. 90 ಸೆಂಟಿಮೀಟರ್ ಅಗಲ, 210 ಸೆಂಟಿಮೀಟರ್ ಎತ್ತರದ ಬಾಗಿಲು. ಕೆಳಗೆ ಒಂದೇ ಸೆಂಟಿಮೀಟರ್ ಸಂದು. ಇದು ಬಾಗಿಲಿನ ಒಟ್ಟು ವಿಸ್ತೀರ್ಣದಲ್ಲಿ ಅರ್ಧ ಪ್ರತಿಶತವೂ ಅಲ್ಲ. ಆದರೆ ಶಬ್ದದ ಶಕ್ತಿ ಅಷ್ಟು ಜಾಗದಿಂದ ನೇರವಾಗಿ ನುಗ್ಗುವುದರಿಂದ, ಬಾಗಿಲು ಎಷ್ಟೇ ದಪ್ಪವಿದ್ದರೂ ಒಟ್ಟು ತಡೆ ಸುಮಾರು 23 ಡೆಸಿಬಲ್‌ಗಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ ಒಂದು ಟವೆಲನ್ನು ಸುರುಳಿ ಸುತ್ತಿ ಬಾಗಿಲಿನ ಕೆಳಗೆ ಒತ್ತಿಡುವುದು ಹಳ್ಳಿಯ ಉಪಾಯದಂತೆ ಕಂಡರೂ ಅದರ ಹಿಂದೆ ಭೌತಶಾಸ್ತ್ರವಿದೆ.

ಗೋಡೆಯ ವಿಷಯದಲ್ಲಿ ಭಾರ ಮುಖ್ಯ. ಗೋಡೆಯ ತೂಕ ಎರಡರಷ್ಟಾದರೆ ಅದು ತಡೆಯುವ ಸದ್ದು ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಒಂದು ದೊಡ್ಡ ಕೋಣೆಯನ್ನು ತೆಳು ಹಲಗೆಯಿಂದ ಎರಡು ಮಾಡಿದ ಕಡೆ ಪಕ್ಕದವರ ಗೊರಕೆಯೂ ಕೇಳುವುದು ಇದೇ ಕಾರಣಕ್ಕೆ. ಒಳಗೆ ಹೋದ ಕೂಡಲೇ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಬೇರೆ ಕೋಣೆ ಕೇಳಬಹುದು.

ಮೇಲಿನ ಮಹಡಿ ಯಾವಾಗಲೂ ಶಾಂತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ರಸ್ತೆಯ ಸದ್ದು ಎತ್ತರಕ್ಕೆ ಹೋದಂತೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ತುತ್ತತುದಿಯ ಮಹಡಿಯಲ್ಲಿ ನೀರಿನ ಟ್ಯಾಂಕ್, ಲಿಫ್ಟ್ ಯಂತ್ರ, ಎಸಿಯ ಹೊರಘಟಕ, ಕೆಲವೆಡೆ ಟೆರೇಸ್ ರೆಸ್ಟೋರೆಂಟ್ ಇರುತ್ತವೆ. ನಡುವಿನ ಮಹಡಿ, ಹಿಂಭಾಗ, ಲಿಫ್ಟಿನಿಂದ ದೂರ ಎಂದು ಕೇಳುವುದೇ ಒಳ್ಳೆಯ ಸೂತ್ರ.

ಗಾಳಿ, ತಂಪು, ಕತ್ತಲೆ

ಚಿಕ್ಕ ಕೋಣೆಯ ದೊಡ್ಡ ಕೊರತೆ ಅದರ ಗಾತ್ರವಲ್ಲ, ಗಾಳಿ. ಗೋಡೆಗೆ ಹಾಕಿದ ಸಾಮಾನ್ಯ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಒಳಗಿನ ಗಾಳಿಯನ್ನೇ ಎಳೆದು, ತಂಪು ಮಾಡಿ, ಒಳಗೇ ಬಿಡುತ್ತದೆ. ನಿದ್ದೆಯಲ್ಲಿರುವ ಒಬ್ಬ ವಯಸ್ಕ ಗಂಟೆಗೆ ಸುಮಾರು 11 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತಾನೆ ಎಂದಿಟ್ಟುಕೊಳ್ಳಿ. 14 ಚದರ ಮೀಟರ್ ಕೋಣೆಯಲ್ಲಿ ಇರುವುದು ಸುಮಾರು 38,000 ಲೀಟರ್ ಗಾಳಿ. ಕೋಣೆ ಪೂರ್ತಿ ಮುಚ್ಚಿದ್ದರೆ ಎಂಟು ಗಂಟೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 2,700ರ ಹತ್ತಿರ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಇದು ಸುಮಾರು 420. ನಿಜದ ಕೋಣೆಗಳಲ್ಲಿ ಸಂದುಗೊಂದಿನಿಂದ ಸ್ವಲ್ಪ ಗಾಳಿ ಬರುವುದರಿಂದ ಅಷ್ಟು ಏರದಿರಬಹುದು. ಆದರೆ ಇಬ್ಬರು ಮಲಗಿದರೆ ಏರಿಕೆ ಎರಡು ಪಟ್ಟು.

ಈ ಮಟ್ಟ ಉಸಿರುಗಟ್ಟಿಸುವಂಥದ್ದಲ್ಲ, ಹೆದರಬೇಕಿಲ್ಲ. ಆದರೆ ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿ ನಿಲಯದ ಕೋಣೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಹೊರಗಾಳಿ ಬರುವಂತೆ ಮಾಡಿದ ರಾತ್ರಿಗಳ ನಂತರ ವಿದ್ಯಾರ್ಥಿಗಳು ಹೆಚ್ಚು ಚುರುಕಾಗಿದ್ದರು, ತಾರ್ಕಿಕ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದರು. ಬೆಳಗ್ಗೆ ತಲೆ ಭಾರವೆನಿಸಿದರೆ ಅದಕ್ಕೆ ಎಸಿಯ 'ಉಷ್ಣ', 'ಶೀತ' ಎಂದು ದೂರುವ ಮೊದಲು ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿ. ಕಿಟಕಿಯೇ ಇಲ್ಲದ, ಅಥವಾ ತೆರೆಯಲಾಗದ ಕಿಟಕಿಯ ಕೋಣೆಯಾದರೆ ಸ್ನಾನಗೃಹದ ಎಕ್ಸಾಸ್ಟ್ ಫ್ಯಾನ್ ಆಗಾಗ ಹಾಕಿಡಿ. ಹೊರಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಲೇಬೇಕು. ಅದರ ಒಂದೇ ಸಮನಾದ ಗುಂಯ್ ಸದ್ದು ಕಾರಿಡಾರಿನ ಮಾತನ್ನೂ ಮರೆಮಾಡುತ್ತದೆ.

ತಂಪಿನ ವಿಷಯದಲ್ಲಿ ಇನ್ನೊಂದು ನಂಬಿಕೆ ಇದೆ: 16 ಡಿಗ್ರಿಗೆ ಇಟ್ಟರೆ ಬಾಡಿಗೆ ವಸೂಲಾಗುತ್ತದೆ! ನಿದ್ದೆಗೆ ಜಾರುವಾಗ ದೇಹದ ಒಳತಾಪ ಸ್ವಲ್ಪ ಇಳಿಯಬೇಕು, ತಂಪಾದ ಕೋಣೆ ಅದಕ್ಕೆ ನೆರವಾಗುತ್ತದೆ ಎಂಬುದು ನಿಜ. ಆದರೆ ಕನಸು ಬೀಳುವ ಹಂತದ ನಿದ್ದೆಯಲ್ಲಿ ದೇಹ ತನ್ನ ತಾಪವನ್ನು ಕಾಯ್ದುಕೊಳ್ಳುವ ಕೆಲಸವನ್ನು ಬಹಳ ಕಡಿಮೆ ಮಾಡುತ್ತದೆ. ಆಗ ಅತಿಚಳಿ ಎಚ್ಚರಗೊಳಿಸುತ್ತದೆ. ನಮ್ಮಲ್ಲಿ 2020ರಿಂದ ಎಸಿಗಳ ಆರಂಭಿಕ ತಾಪವನ್ನು 24 ಡಿಗ್ರಿ ಎಂದು ನಿಗದಿ ಮಾಡಲಾಗಿದೆ. 24ರಿಂದ 26ರ ನಡುವೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಹಾಕಿದರೆ ಹೆಚ್ಚಿನವರಿಗೆ ಸಾಕು. ಬಿಸಿನೀರಿನ ಸ್ನಾನವೂ ಉಪಯೋಗಕ್ಕೆ ಬರುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿದವರಿಗೆ ನಿದ್ದೆ ಸುಮಾರು ಹತ್ತು ನಿಮಿಷ ಬೇಗ ಬರುತ್ತದೆ ಎಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿದ್ದಾರೆ. ಸ್ನಾನದ ನಂತರ ಕೈಕಾಲಿನ ಚರ್ಮದಿಂದ ಶಾಖ ಹೊರಹೋಗಿ ಒಳತಾಪ ಇಳಿಯುತ್ತದೆ.

ಕತ್ತಲೆಯೂ ಅಷ್ಟೇ ಮುಖ್ಯ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 20 ಯುವಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ರಾತ್ರಿ 100 ಲಕ್ಸ್ ಬೆಳಕಿನಲ್ಲಿ ಮಲಗಿದವರ ಹೃದಯ ಬಡಿತ ಹೆಚ್ಚಿತ್ತು, ಮರುದಿನ ಬೆಳಗ್ಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 100 ಲಕ್ಸ್ ಅಂದರೆ ದೀಪ ಹಾಕಿಕೊಂಡೇ ಮಲಗಿದಷ್ಟು. ಟಿವಿಯ ಕೆಂಪು ಚುಕ್ಕಿ ಇಷ್ಟು ಬೆಳಕು ಕೊಡುವುದಿಲ್ಲ, ಅದಕ್ಕೆ ಚಿಂತಿಸಬೇಕಿಲ್ಲ. ಆದರೆ ಎದುರಿನ ಅಂಗಡಿಯ ಮಿನುಗುವ ಬೋರ್ಡು ಪರದೆಯ ಸಂದಿನಿಂದ ಕಣ್ಣಿಗೆ ಹೊಡೆಯುತ್ತಿದ್ದರೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ ಸಾಕು.

ದುಬಾರಿ ಹೋಟೆಲಿನಲ್ಲಿ ತಿಗಣೆ ಇರುವುದಿಲ್ಲವೇ?

ತಿಗಣೆ ಕೊಳಕಿಗೆ ಬರುವ ಕೀಟ ಎಂಬುದು ತಪ್ಪು ತಿಳಿವಳಿಕೆ. ಅದಕ್ಕೆ ಬೇಕಿರುವುದು ನಮ್ಮ ರಕ್ತ. ನಾವು ಉಸಿರಿನಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡ್ ಮತ್ತು ದೇಹದ ಬಿಸಿ ಅದನ್ನು ಸೆಳೆಯುತ್ತವೆ. ಅದು ಒಂದು ಕೋಣೆಯಿಂದ ಇನ್ನೊಂದು ಊರಿಗೆ ಹೋಗುವುದು ಸೂಟ್‌ಕೇಸಿನಲ್ಲಿ. ಹಾಗಾಗಿ ಜನ ಬಂದುಹೋಗುವ ಯಾವ ಹೋಟೆಲಿಗಾದರೂ, ಎಷ್ಟೇ ನಕ್ಷತ್ರವಿದ್ದರೂ, ಅದು ಬರಬಹುದು. ಶುಚಿಯಾದ, ಸಂದುಗೊಂದು ಕಡಿಮೆ ಇರುವ ಕೋಣೆಯಲ್ಲಿ ಅದನ್ನು ಬೇಗ ಪತ್ತೆ ಹಚ್ಚಬಹುದು ಎಂಬುದಷ್ಟೇ ವ್ಯತ್ಯಾಸ.

ಕೋಣೆಗೆ ಹೋದ ತಕ್ಷಣ ಬ್ಯಾಗನ್ನು ಹಾಸಿಗೆಯ ಮೇಲೆ ಇಡಬೇಡಿ. ಹಾಸಿಗೆಯ ಮೂಲೆಯ ಹೊದಿಕೆ ಸರಿಸಿ, ಹೊಲಿಗೆಯ ಅಂಚಿನಲ್ಲಿ ಮತ್ತು ತಲೆಕಡೆಯ ಹಲಗೆಯ ಹಿಂದೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕಪ್ಪು ಚುಕ್ಕಿಗಳು, ರಕ್ತದ ಕಲೆ, ಸೇಬಿನ ಬೀಜದಷ್ಟು ದೊಡ್ಡ ಕಂದು ಕೀಟ ಕಂಡರೆ ಕೋಣೆ ಬದಲಿಸಿಕೊಳ್ಳಿ. ತಿಗಣೆ ಕಚ್ಚಿದರೆ ತುರಿಕೆಯಾಗುತ್ತದೆ, ನಿದ್ದೆ ಕೆಡುತ್ತದೆ. ರೋಗ ಹರಡುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ.

ಎಲ್ಲಿ ಕತ್ತರಿ ಹಾಕಲೇಬಾರದು?

ಇಷ್ಟು ಹೊತ್ತು ನಿದ್ದೆಯ ಮಾತಾಯಿತು. ಅದಕ್ಕಿಂತ ಮುಖ್ಯವಾದದ್ದು ಒಂದಿದೆ. 2019ರ ಫೆಬ್ರವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 17 ಜನ ಸತ್ತರು. ಕಾರಿಡಾರುಗಳಲ್ಲಿ ಅಲಂಕಾರಕ್ಕೆಂದು ಹಾಕಿದ್ದ ಮರದ ಹಲಗೆಗಳಿಂದಾಗಿ ಜನರಿಗೆ ಆ ದಾರಿಯಲ್ಲಿ ಹೊರಬರಲು ಆಗಲಿಲ್ಲ ಎಂದು ಅಗ್ನಿಶಾಮಕ ಅಧಿಕಾರಿಗಳು ಆಗ ಹೇಳಿದ್ದರು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದ ಬಡಾಬಜಾರ್ ಪ್ರದೇಶದ ಹೋಟೆಲೊಂದರ ಬೆಂಕಿಯಲ್ಲಿ 14 ಜನ ಪ್ರಾಣ ಕಳೆದುಕೊಂಡರು.

ಇಂಥ ಅವಘಡಗಳಲ್ಲಿ ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಕಿಟಕಿಯಿಲ್ಲದ ಕೋಣೆ, ಒಂದೇ ಮೆಟ್ಟಿಲು, ಬೀಗ ಹಾಕಿದ ತುರ್ತು ಬಾಗಿಲು, ಸುಲಭವಾಗಿ ಉರಿಯುವ ಅಲಂಕಾರ ಇವು ಜೊತೆಯಾದರೆ ಚೆಂದವೇ ಅಪಾಯವಾಗುತ್ತದೆ. ಈಜುಕೊಳ ಇಲ್ಲದ ಹೋಟೆಲ್ ಅಗ್ಗವಾದರೆ ಅದು ಜಾಣತನ. ಎರಡನೆಯ ಮೆಟ್ಟಿಲು ಇಲ್ಲದ್ದಕ್ಕೆ ಅಗ್ಗವಾದರೆ ಆ ರಿಯಾಯಿತಿ ನಮಗೆ ಬೇಡ.

ಬುಕ್ ಮಾಡುವ ಮೊದಲು, ಕೋಣೆಗೆ ಹೋದ ಮೇಲೆ

ಇಲ್ಲಿಯವರೆಗೆ ಹೇಳಿದ್ದನ್ನು ಕೆಲಸಕ್ಕೆ ಬರುವಂತೆ ಹೀಗೆ ನೆನಪಿಟ್ಟುಕೊಳ್ಳಬಹುದು.

- ವಿಮರ್ಶೆಗಳಲ್ಲಿ ಒಟ್ಟು ಅಂಕಕ್ಕಿಂತ 'ಸದ್ದು', 'ಕಿಟಕಿ', 'ವಾಸನೆ', 'ತಿಗಣೆ' ಎಂಬ ಪದಗಳನ್ನು ಹುಡುಕಿ ಓದಿ. ಈಚಿನ ಮೂರು ತಿಂಗಳ ಅನಿಸಿಕೆಗಳಿಗೆ ಹೆಚ್ಚು ಬೆಲೆ ಕೊಡಿ.
- ಹೋಟೆಲಿಗೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಕೋಣೆಗೆ ತೆರೆಯುವ ಕಿಟಕಿ ಇದೆಯೇ? ಹಿಂಭಾಗದಲ್ಲಿ, ಲಿಫ್ಟಿನಿಂದ ದೂರ ಸಿಗುತ್ತದೆಯೇ? ಎರಡು ಮೆಟ್ಟಿಲುಗಳಿವೆಯೇ?
- ಆ ರಾತ್ರಿ ಅಲ್ಲಿ ಮದುವೆ ಅಥವಾ ಪಾರ್ಟಿ ಇದೆಯೇ ಎಂದೂ ಕೇಳಿ. ದೊಡ್ಡ ಹಾಲ್ ಇರುವ ದುಬಾರಿ ಹೋಟೆಲಿಗಿಂತ ಹಾಲ್ ಇಲ್ಲದ ಸಣ್ಣ ಹೋಟೆಲ್ ಎಷ್ಟೋ ಸಲ ಶಾಂತವಾಗಿರುತ್ತದೆ.
- ಲ್ಯಾಪ್‌ಟಾಪ್ ಕೆಲಸ ಇದ್ದರೆ ಮೇಜು, ಬೆನ್ನಿಗೆ ಆಧಾರವಿರುವ ಕುರ್ಚಿ, ಮೇಜಿನ ಹತ್ತಿರ ಪ್ಲಗ್ ಇದೆಯೇ ಎಂದು ಫೋಟೋದಲ್ಲಿ ನೋಡಿ.
- ಕೋಣೆಗೆ ಹೋದ ಮೇಲೆ ಬಾಗಿಲಿನ ಒಳಚಿಲಕ ಹಾಕಿ ನೋಡಿ. ತುರ್ತು ಮೆಟ್ಟಿಲಿಗೆ ಒಮ್ಮೆ ನಡೆದುಹೋಗಿ, ನಡುವೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿಕೊಳ್ಳಿ. ಹೊಗೆಯ ಕತ್ತಲಲ್ಲಿ ಗೋಡೆ ಹಿಡಿದು ಹೋಗುವಾಗ ಆ ಎಣಿಕೆಯೇ ದಾರಿ ತೋರಿಸುತ್ತದೆ.
- ಬ್ಯಾಗಿನಲ್ಲಿ ಕಿವಿಗೆ ಹಾಕುವ ಪ್ಲಗ್, ಎರಡು ಕ್ಲಿಪ್, ಮನೆಯ ದಿಂಬಿನ ಕವರ್ ಇಟ್ಟುಕೊಳ್ಳಿ. ಇವು ಮೂರೂ ಸೇರಿ ಒಂದು ಊಟದ ಬೆಲೆಯೂ ಆಗುವುದಿಲ್ಲ.

ಲಾಡ್ಜ್ ಎನ್ನಿ, ಬಜೆಟ್ ಹೋಟೆಲ್ ಎನ್ನಿ, ಕಡಿಮೆ ಬಾಡಿಗೆ ಅಂದ ಮಾತ್ರಕ್ಕೆ ಕೋಣೆ ಕೆಟ್ಟದ್ದಾಗಬೇಕಿಲ್ಲ, ಚೆಂದದ ಫೋಟೋ ಇದ್ದ ಮಾತ್ರಕ್ಕೆ ಒಳ್ಳೆಯದೂ ಆಗುವುದಿಲ್ಲ. ಫೋನ್ ಮಾಡಿದಾಗ ಕಿಟಕಿ, ಸದ್ದು, ಮೆಟ್ಟಿಲಿನ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಡುವ ಹೋಟೆಲನ್ನು ಆರಿಸಿಕೊಳ್ಳಿ. ಉತ್ತರ ಕೊಡದೆ ಲಾಬಿಯ ಚೆಂದವನ್ನೇ ಬಣ್ಣಿಸುತ್ತಿದ್ದರೆ ಪಕ್ಕದ ಹೋಟೆಲಿಗೆ ಇನ್ನೊಂದು ಫೋನ್ ಮಾಡಿ.